ಇನ್ನೂ ಬಿಳಿ ಬಂದಿಲ್ಲ

ನವೆಂಬರ್ 10, 1986

ಪಂಪಿನ ಚಕ್ರಗಳು ವಾಪಸು ಬಂದವು. ಲಾರಿಯವನು ಫೌಂಡ್ರಿಯ ಗೇಟಿನ ಬಳಿ ಸುರಿದು ಹೋದ. ಹೋದ ತಿಂಗಳು ನಾವೇ ಎರಕ ಹೊಯ್ದು ಕಳುಹಿಸಿದ ಉಕ್ಕಿನ ಚಕ್ರಗಳು. ಮೈಯೆಲ್ಲ ಅಚ್ಚಿನ ಮರಳು, ನಮ್ಮ ಹೊಯಿಗೆ, ಬೆಂದು ಅಂಟಿಕೊಂಡಿದೆಯಂತೆ, ಒಳಗೆ ಸೂಜಿಯಿಂದ ಚುಚ್ಚಿದ ಹಾಗೆ ತೂತುಗಳಂತೆ. ಧಣಿ ಪ್ಯಾಟ್ರಿಕ್‌ಬಾಬ್ ಒಂದನ್ನು ನನ್ನ ಕೈಯಲ್ಲಿಟ್ಟು, "ನೀವೇ ನೋಡಿ ಬೆಂಜಮಿನ್" ಎಂದರು. ಅವರು ನನ್ನ ಮೇಲೆ ಎಂದೂ ಸ್ವರ ಎತ್ತಿದವರಲ್ಲ. ಇವತ್ತೂ ಎತ್ತಲಿಲ್ಲ. ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊಯಿಗೆ ಸರಿ ಇಲ್ಲ ಎಂದು ನಾನು ಹೇಳಿದೆ. ಅಚ್ಚು ಮಾಡುವವರು ಈಗ ಮೊದಲಿನಂತಿಲ್ಲ.

ಉಕ್ಕಿನಲ್ಲಿ ತಪ್ಪಿಲ್ಲ. ಉಕ್ಕು ನನ್ನ ಕೆಲಸ, ಅದನ್ನು ಕರಗಿಸುವ ಮೆಲ್ಟರ್ ನಾನು. ಭದ್ರಾವತಿಯಲ್ಲಿ ಮೀಸೆ ಮೂಡದ ವಯಸ್ಸಿನಿಂದ ಕರಗಿದ ಉಕ್ಕನ್ನು ನೋಡುತ್ತ ಬಂದವನು ನಾನು. ನೀಲಿ ಗಾಜು ಹಿಡಿದು ಫರ್ನೇಸಿನ ಬಾಯಿಗೆ ಬಗ್ಗಬೇಕು. ಕೆಂಪು ಕಳೆದು ಹಳದಿ, ಹಳದಿ ಕಳೆದು ಬಿಳಿ. ಬಿಳಿ ಬಂದ ಮೇಲೆ "ಹೊಯ್ಯಿರಿ" ಎನ್ನಬೇಕು. ಅದಕ್ಕೆ ಮೊದಲೇ ಹೊಯ್ದರೆ ಚಕ್ರದ ತೆಳ್ಳಗಿನ ಎಲೆಗಳ ತುದಿ ಮುಟ್ಟುವುದರೊಳಗೆ ಉಕ್ಕು ಹೆಪ್ಪುಗಟ್ಟಿ ನಿಲ್ಲುತ್ತದೆ. ಆ ತಪ್ಪು ನನ್ನಿಂದ ಆದದ್ದಿಲ್ಲ.

ಇತ್ತೀಚೆಗೆ ಬಿಳಿ ಬರುವುದೇ ತಡ. ಕರೆಂಟಿನಲ್ಲಿ ಬಲ ಇಲ್ಲದಿರಬೇಕು.

ನವೆಂಬರ್ 17

ಹೊಸ ಇಂಜಿನಿಯರ್ ಬಂದಿದ್ದಾಳೆ. ಹೆಣ್ಣುಮಗಳು, ಹೆಸರು ಸುಗಂಧಿ, ಕಡಿಯಾಳಿಯವಳು. ಓದಿದ್ದು ಮಣಿಪಾಲದಲ್ಲಿ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಫರ್ನೇಸಿನ ಹತ್ತಿರ ಬಂದು ನಿಂತಳು. ಹೆದರಿಕೆ ಇಲ್ಲ. ಹೆದರಬೇಕು.

ಕರಗಿದ ಉಕ್ಕಿಗೆ ಅದ್ದಿ ಬಿಸಿ ಅಳೆಯುವ ಸಲಕರಣೆ ನಮ್ಮಲ್ಲಿ ಒಂದು ಇತ್ತು. ಅದು ಮುರಿದ ಮೇಲೆ ಹೊಸತು ತರಿಸಲಿಲ್ಲ. ಬೆಂಜಮಿನ್‌ನ ಕಣ್ಣು ಉಂಟಲ್ಲ ಎಂದು ಧಣಿಗಳೇ ಹೇಳಿದ್ದರು. ಈಗ ಇವಳು ಬಡಗಿಯಿಂದ ಮರದ ಮಾದರಿಯೊಂದನ್ನು ಮಾಡಿಸಿದ್ದಾಳೆ. ಅದನ್ನು ಹೊಯಿಗೆಯಲ್ಲಿ ಒತ್ತಿ ತೆಗೆದರೆ ನಡುವಿನಿಂದ ಹೊರಟು ಸುತ್ತಿಕೊಂಡು ಹೋಗುವ ಸಣ್ಣ ಕಾಲುವೆ ಉಳಿಯುತ್ತದೆ. ಎರಕ ಹೊಯ್ಯುವ ಮೊದಲು ಒಂದು ಸೌಟು ಉಕ್ಕನ್ನು ನಡುವಿಗೆ ಹಾಕಬೇಕು. ಅದು ಹರಿದಷ್ಟು ಹರಿದು ಹೆಪ್ಪುಗಟ್ಟುತ್ತದೆ. ಬೇಗ ನಿಂತರೆ ಉಕ್ಕು ತಣ್ಣಗಿದೆ, ಕೊನೆಯವರೆಗೆ ಓಡಿದರೆ ಅತಿಯಾಗಿ ಕಾದಿದೆ ಎಂದು ಲೆಕ್ಕ.

ನಮ್ಮವರು ನೋಡಿದ ಕೂಡಲೇ ಅದಕ್ಕೆ 'ಚಕ್ಕುಲಿ' ಎಂದು ಹೆಸರಿಟ್ಟರು. ಸುಂದರ ಎಲ್ಲರಿಗಿಂತ ಜೋರಾಗಿ ನಕ್ಕ. ಕಾಪುವಿನ ಹುಡುಗ ಇವನು. ಫರ್ನೇಸಿಗೆ ಕರೆಂಟ್ ಏರಿಸುವುದು ಇಳಿಸುವುದು ಅವನ ಕೆಲಸ. ಗುಡಿಸುವ ಕೆಲಸಕ್ಕೆ ಬಂದಿದ್ದವನನ್ನು ನಾನೇ ಕರೆದು ಕಲಿಸಿದೆ. ನಾನು ಕೈ ಎತ್ತಿದರೆ ಏರಿಸುತ್ತಾನೆ, ತಗ್ಗಿಸಿದರೆ ಇಳಿಸುತ್ತಾನೆ. ನಮ್ಮಿಬ್ಬರ ನಡುವೆ ಮಾತು ಬೇಕಾಗುವುದಿಲ್ಲ. ಕರೆಯುವುದಾದರೆ, ತುಳುವಿನಲ್ಲಿ ಕ್ರಿಸ್ತರನ್ನು ಕರೆಯುವ ಹಾಗೆ, 'ಪೊರ್ಬುಗಳೇ' ಎನ್ನುತ್ತಾನೆ.

ನವೆಂಬರ್ 20

ಇವತ್ತು ಮೊದಲ ಚಕ್ಕುಲಿ.

"ಬೆಂಜಮಿನ್ ಸರ್, ಈಗ ಒಂದು ಸೌಟು ತೆಗೆಯೋಣವಾ?"

"ಇನ್ನೂ ಬಿಳಿ ಬಂದಿಲ್ಲ."

"ಪರೀಕ್ಷೆಗೆ ಮಾತ್ರ, ಸರ್."

ತೆಗೆದರು, ಹೊಯ್ದರು. ಆರಿದ ಮೇಲೆ ಅಚ್ಚು ಒಡೆದು ಅದನ್ನು ನನ್ನ ಮುಂದೆ ಹಿಡಿದಳು. "ಕೊನೆ ಮುಟ್ಟಿದೆ, ಸರ್. ಮುಕ್ಕಾಲು ಭಾಗ ಹರಿದರೆ ನಮಗೆ ಸಾಕಿತ್ತು. ಇದು ಅತಿಯಾಗಿ ಕಾದಿದೆ. ಹೊಯಿಗೆ ಬೇಯುವುದು ಇದರಿಂದಲೇ. ಫರ್ನೇಸಿನ ಒಳಗೋಡೆಯನ್ನು ಸಹ ತಿನ್ನುತ್ತದೆ."

ಒಳಗೋಡೆಯ ವಿಷಯ ನನಗೆ ಹೇಳಿಕೊಡುತ್ತಾಳೆ! ಆ ಗೋಡೆಯ ಆಚೆಗೆ ತಾಮ್ರದ ಕೊಳವೆ ಸುತ್ತಿಕೊಂಡಿದೆ, ಅದರೊಳಗೆ ನೀರು ಹರಿಯುತ್ತಿರುತ್ತದೆ. ಗೋಡೆ ಸವೆದು ಉಕ್ಕು ನೀರನ್ನು ಮುಟ್ಟಿದರೆ ಏನಾಗುತ್ತದೆಂದು ಅವಳು ಪುಸ್ತಕದಲ್ಲಿ ಓದಿರಬಹುದು. ನಾನು ಕಣ್ಣಾರೆ ನೋಡಿದವನು.

"ಮಗಳೇ, ನೀವು ಹುಟ್ಟುವ ಮೊದಲಿನಿಂದ ಇದನ್ನು ನೋಡಿದ್ದೇನೆ. ಹಳದಿಯನ್ನು ಬಿಳಿ ಎನ್ನಲು ನನಗೆ ಬರುವುದಿಲ್ಲ" ಎಂದು ಹೇಳಿ ಕೈ ಎತ್ತಿದೆ. ಸುಂದರ ಏರಿಸಿದ.

ಡಿಸೆಂಬರ್ 4

ಸಂತೆಕಟ್ಟೆಯ ಮನೆಗೆಂದು ಉಡುಪಿಯಲ್ಲಿ ಬಸ್ಸು ಹತ್ತಿದರೆ ಅದು ಮಲ್ಪೆಗೆ ಹೋಗುವ ಬಸ್ಸು. ಮೀನಿನ ವಾಸನೆ ಬಂದ ಮೇಲೆಯೇ ತಿಳಿದದ್ದು. ಈ ಖಾಸಗಿ ಬಸ್ಸಿನವರು ಬೋರ್ಡುಗಳನ್ನು ಬಣ್ಣಬಣ್ಣವಾಗಿ ಬರೆಸುತ್ತಾರೆ, ಓದುವವನಿಗೆ ಒಂದೂ ಸ್ಪಷ್ಟವಿಲ್ಲ. ಮನೆಗೆ ತಡವಾಯಿತು. ಹೆಂಡತಿ ಬರ್ತಾ ಎರಡು ಸಲ ಕೇಳಿದಳು. ಕೆಲಸ ಜಾಸ್ತಿ ಇತ್ತು ಎಂದೆ.

ಡಿಸೆಂಬರ್ 13

ದೇವರು ದೊಡ್ಡವನು. ಈ ವಾರ ಹೊಯ್ದ ಚಕ್ರಗಳೆಲ್ಲ ಚೆನ್ನಾಗಿ ಬಂದಿವೆ. ಬೆರಳಾಡಿಸಿದರೆ ನುಣುಪು, ಎಲೆಗಳ ತುದಿ ಪೂರ್ತಿ, ತೂತಿಲ್ಲ. ಪ್ಯಾಟ್ರಿಕ್‌ಬಾಬ್ ನನ್ನ ಹೆಗಲ ಮೇಲೆ ಕೈ ಇಟ್ಟರು. ಸುಗಂಧಿಯ ಚಕ್ಕುಲಿ ಸಹ ಮುಕ್ಕಾಲಿಗೆ ನಿಂತಿತಂತೆ. ಹೊಯ್ಯುವ ಹೊತ್ತಿಗೆ ನಾನು ಕೈ ಎತ್ತಿ ಎತ್ತಿ ಸಾಕಾಗಿತ್ತು. "ಏರಿಸಿದ್ದೀಯಾ?" ಎಂದರೆ ಸುಂದರ "ಏರಿಸಿದ್ದೇನೆ ಪೊರ್ಬುಗಳೇ" ಎನ್ನುತ್ತಿದ್ದ. ಬಿಳಿ ಮಾತ್ರ ಬರಲೇ ಇಲ್ಲ. ಕಡೆಗೆ ಅವನೇ "ಈಗ ಬಂತು, ಅಲ್ವಾ?" ಎಂದ. ಗಾಜು ಒರೆಸಿ ಬಗ್ಗಿದೆ. ಹೌದು, ಬಂದ ಹಾಗೆ ಕಂಡಿತು. ಹೊಯ್ಯಿಸಿದೆ.

ಸುಂದರ ಕಲಿತಿದ್ದಾನೆ. ಗುರುವಿಗೆ ಅದಕ್ಕಿಂತ ಹೆಚ್ಚಿನ ಸಂತೋಷ ಎಂತ ಉಂಟು?

ಡಿಸೆಂಬರ್ 25

ಕ್ರಿಸ್ಮಸ್ ಪೂಜೆಯಲ್ಲಿ ಮೊದಲ ವಾಚನ ಪ್ರತಿ ವರ್ಷ ನನ್ನದೇ. ಪುಸ್ತಕದ ಎದುರು ನಿಂತರೆ ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಇಗರ್ಜಿಯವರು ದೀಪಗಳನ್ನು ಬದಲಾಯಿಸಿದ್ದಾರೆ, ಒಂದಕ್ಕೂ ಬೆಳಕಿಲ್ಲ. ಬಾಯಿಪಾಠವಾಗಿದ್ದುದರಿಂದ ಹೇಳುತ್ತ ಹೋದೆ. ನಡುವಿನಲ್ಲಿ ಎಲ್ಲೋ ತಪ್ಪಿತು. ಬೇರೆ ಭಾನುವಾರದ ಮಾತುಗಳು ಬಂದುಬಿಟ್ಟವು. ಜನ ಕೆಮ್ಮಿದರು.

ಮನೆಗೆ ಬರುವಾಗ ಬರ್ತಾ, "ಮುಂದಿನ ವರ್ಷ ಬೇರೆ ಯಾರಾದರೂ ಓದಲಿ" ಎಂದಳು. ಕುಸ್ವಾರಿನ, ಹಬ್ಬದ ತಿಂಡಿಗಳ, ತಟ್ಟೆ ಮುಂದಿಟ್ಟಳು. ತಿನ್ನಲಿಲ್ಲ.

ಜನವರಿ 9, 1987

ಹೊಸ ನೀಲಿ ಗಾಜು ತರಿಸಿದೆ. ಹಳೆಯದಕ್ಕಿಂತ ಕೆಟ್ಟದು. ಈಗ ಯಾವ ಸಾಮಾನೂ ಮೊದಲಿನಂತಿಲ್ಲ.

ನನ್ನ ಬರಹ ದೊಡ್ಡದಾಗಿದೆಯಂತೆ, ಸಾಲುಗಳು ಒಂದರ ಮೇಲೊಂದು ಏರಿವೆಯಂತೆ. ಬರ್ತಾ ಹೇಳಿದಳು. ಯಾರಿಗಾಗಿ ಬರೆಯುವುದು ನಾನು? ನನಗಾಗಿ. ಅವಳು ಯಾಕೆ ನೋಡಬೇಕು?

ಜನವರಿ 27

ಕಾರ್ಕಳದ ಅತ್ತೂರಿಗೆ ಹೋಗಿ ಬಂದೆವು. ಸಂತ ಲಾರೆನ್ಸರ ಹಬ್ಬ. ಬಸ್ಸಿಳಿದಲ್ಲಿಂದ ಬರ್ತಾ ನನ್ನ ತೋಳು ಹಿಡಿದೇ ನಡೆದಳು. ಅವಳ ಕಾಲುನೋವು ಜಾಸ್ತಿಯಾಗಿರಬೇಕು.

ಸಂಜೆ ಮೇಣದ ಬತ್ತಿಗಳನ್ನು ಹಚ್ಚಿಟ್ಟಿದ್ದ ಕಡೆ ನಿಂತೆ. ಇಷ್ಟು ವರ್ಷ ಬಂದರೂ ಕಾಣದ್ದು ಇವತ್ತು ಕಂಡೆ. ಒಂದೊಂದು ಬತ್ತಿಯ ಸುತ್ತ ಒಂದೊಂದು ಬಣ್ಣದ ಬಳೆ, ಚಿತ್ರಗಳಲ್ಲಿ ಸಂತರ ತಲೆಯ ಸುತ್ತ ಇರುತ್ತದಲ್ಲ, ಹಾಗೆ. ನನ್ನ ಕಣ್ಣಲ್ಲಿ ನೀರು ಬಂತು. "ಬರ್ತಾ, ನೋಡು" ಎಂದೆ.

"ಎಂತ ನೋಡುವುದು?"

"ಪ್ರಭೆ."

"ನನಗೆ ಬತ್ತಿ ಮಾತ್ರ ಕಾಣುತ್ತದೆ" ಎಂದಳು. ಆಮೇಲೆ, "ನಾಳೆ ಮಣಿಪಾಲಕ್ಕೆ ಹೋಗಿ ಕಣ್ಣು ತೋರಿಸುವ" ಎಂದಳು. ದೇವರ ಎದುರು ನಿಂತು ಆಡುವ ಮಾತೇ ಇದು?

ಫೆಬ್ರವರಿ 10

ಇವತ್ತು ನಡೆದದ್ದನ್ನು ಬರೆದಿಡುತ್ತೇನೆ.

ಉಕ್ಕು ಹಳದಿಯಲ್ಲೇ ನಿಂತಿತ್ತು. ಕೈ ಎತ್ತಿದೆ. ಬದಲಾಗಲಿಲ್ಲ. ಮತ್ತೆ ಎತ್ತಿದೆ. ಸುಂದರ ನೀರು ಕುಡಿಯಲು ಆಚೆ ಹೋದಾಗ ನಾನೇ ಅವನ ಪ್ಯಾನೆಲ್ಲಿನ ಹತ್ತಿರ ಹೋದೆ. ಮೀಟರಿನ ಮುಳ್ಳು ಕಾಣಲಿಲ್ಲ, ಅದರ ಗಾಜಿನ ಮೇಲೆ ಅಷ್ಟು ಧೂಳು. ಕರೆಂಟ್ ಏರಿಸಲು ತಿರುಗಿಸುವ ಗುಬ್ಬಿಯನ್ನು ಮುಟ್ಟಿ ನೋಡಿದೆ. ಅರ್ಧದಲ್ಲೇ ನಿಲ್ಲಿಸಿದ್ದ. ಏರಿಸಿದ್ದೇನೆ ಏರಿಸಿದ್ದೇನೆ ಎಂದು ನನಗೆ ಹೇಳಿ, ಅರ್ಧದಲ್ಲೇ!

ಎಲ್ಲರ ಎದುರು ಕೇಳಿದೆ, "ಎಷ್ಟು ದಿನದಿಂದ ಈ ಆಟ?"

ಅವನು ಬಂದು ಪ್ಯಾನೆಲ್ಲಿನ ಪಕ್ಕ ನಿಂತ.

"ನಿನ್ನ ಕೈಗೆ ಪೊರಕೆ ಇತ್ತು. ಅದನ್ನು ಬಿಡಿಸಿ ಈ ಗುಬ್ಬಿ ಹಿಡಿಸಿದವನು ನಾನು. ನನ್ನನ್ನೇ ಮಂಗ ಮಾಡುತ್ತೀಯಾ? ಮೆಲ್ಟರ್ ನೀನೋ ನಾನೋ?"

ಸುಗಂಧಿ ನಡುವೆ ಬಂದಳು. "ಸರ್, ಅವರನ್ನು ಬಯ್ಯಬೇಡಿ. ಡಿಸೆಂಬರಿನಲ್ಲಿ ಚಕ್ರಗಳು ಚೆನ್ನಾಗಿ ಬಂದದ್ದು..."

"ಮೇಡಂ, ನೀವು ಸುಮ್ಮನಿರಿ" ಎಂದು ಸುಂದರನೇ ಅವಳನ್ನು ತಡೆದ. ಆಮೇಲೆ ನನಗೆ, "ತಪ್ಪಾಯಿತು ಪೊರ್ಬುಗಳೇ. ಇನ್ನು ನೀವು ಹೇಳಿದ ಹಾಗೆ" ಎಂದ.

ಮಗನಿಲ್ಲದ ನಾನು ಇವನನ್ನು ಮಗನೆಂದು ತಿಳಿದಿದ್ದೆ.

ಫೆಬ್ರವರಿ 12

ಸುಂದರ ಆಸ್ಪತ್ರೆಯಲ್ಲಿದ್ದಾನೆ. ಬರೆಯಲಾರೆ.

ಫೆಬ್ರವರಿ 14

ಬರೆಯದಿದ್ದರೆ ತಲೆಯೊಳಗೆ ಅದೇ ಸುತ್ತುತ್ತದೆ.

ಗುರುವಾರ ಊಟದ ನಂತರ. ಉಕ್ಕು ಕರಗಿತ್ತು. ಸುಗಂಧಿ ಚಕ್ಕುಲಿ ಹೊಯ್ಯಿಸಿದಳು. ಕೊನೆ ಮುಟ್ಟಿತು. "ಸರ್, ದಯವಿಟ್ಟು ಈಗಲೇ ಹೊಯ್ಯಿರಿ. ಇನ್ನು ಏರಿಸಬೇಡಿ" ಎಂದಳು. ಬಗ್ಗಿ ನೋಡಿದೆ. ಹಳದಿ, ಮಾಗಿದ ಬಾಳೆಹಣ್ಣಿನ ಹಳದಿ. ಇಬ್ಬರೂ ಸೇರಿ ಮತ್ತೆ ಏನೋ ಮಾಡಿದ್ದಾರೆ ಎಂದುಕೊಂಡೆ. ಆ ಎರಡು ದಿನ ನನ್ನ ಮನಸ್ಸಿನಲ್ಲಿ ಅದು ಬಿಟ್ಟು ಬೇರೇನೂ ಇರಲಿಲ್ಲ.

ಕೈ ಎತ್ತಿದೆ.

ಸುಂದರ, "ಪೊರ್ಬುಗಳೇ, ಸಾಕು ಅಂತ ಕಾಣುತ್ತದೆ" ಎಂದ.

"ಯಾರಿಗೆ ಕಾಣುತ್ತದೆ? ನಿನಗಾ ನನಗಾ?"

ಅವನು ನನ್ನ ಕಡೆ ತಿರುಗಿ ನಿಂತ. ಯಾವ ಮುಖ ಮಾಡಿದ್ದನೋ ತಿಳಿಯದು. ಮೆಲ್ಲಗೆ "ಆಯಿತು" ಎಂದು ಗುಬ್ಬಿಯನ್ನು ಪೂರ್ತಿ ತಿರುಗಿಸಿದ. ಫರ್ನೇಸಿನ ಗುಂಯ್ ಎನ್ನುವ ಸದ್ದು ಏರಿತು. ನಾನು ಗಾಜು ಹಿಡಿದು ಕಾದೆ. ಬಿಳಿ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಯಾರೋ "ಕೆಂಪು ದೀಪ, ಕೆಂಪು ದೀಪ" ಎಂದು ಕೂಗಿದರು. ಒಳಗೋಡೆ ಸವೆದರೆ ಪ್ಯಾನೆಲ್ಲಿನಲ್ಲಿ ಹತ್ತುವ ದೀಪ ಅದು. ನನಗೆ ಯಾವ ದೀಪವೂ ಕಾಣಲಿಲ್ಲ. ಸುಂದರ ಕರೆಂಟ್ ಕಡಿದು, "ಪೊರ್ಬುಗಳೇ, ಹಿಂದೆ ಹೋಗಿ" ಎಂದು ಕಿರುಚುತ್ತ ಓಡಿಬಂದ. ನನ್ನ ಎದೆಗೆ ಕೈಯಿಟ್ಟು ದೂಡಿದ. ಬಿದ್ದೆ. ಆಗಲೇ ಗೋಡೆ ಒಡೆದು ಉಕ್ಕು ನೀರಿಗೆ ಸೇರಿತು.

ಸದ್ದು ಕಡಿಯಾಳಿಯವರೆಗೂ ಕೇಳಿಸಿತಂತೆ. ಎಲ್ಲೆಲ್ಲೂ ಹಬೆ, ಹಬೆಯೊಳಗೆ ಅವನ ಸ್ವರ. ಅಬ್ಬೆಯನ್ನು ಕರೆಯುತ್ತಿದ್ದ.

ನನ್ನ ಅಂಗಿಯ ಒಂದು ನೂಲೂ ಸುಟ್ಟಿಲ್ಲ.

ಫೆಬ್ರವರಿ 20

ಇವತ್ತು ಆಸ್ಪತ್ರೆಯಲ್ಲಿ ವಾರ್ಡಿನ ಒಳಗೆ ಬಿಟ್ಟರು. ಬರ್ತಾ ಕೆಳಗೆ ಚೀಟಿ ಮಾಡಿಸುವಲ್ಲಿ ನಿಂತಿದ್ದಳು. ನಾನು ಕಾಯಲಾರದೆ ಒಬ್ಬನೇ ಮೇಲೆ ಹೋದೆ. ನರ್ಸಮ್ಮ "ಆ ಸಾಲಿನಲ್ಲಿ" ಎಂದು ಕೈ ತೋರಿಸಿದರು. ಬಟ್ಟೆ ಸುತ್ತಿ ಮಲಗಿಸಿದ್ದವನ ಹತ್ತಿರ ಹೋಗಿ ಕುಳಿತೆ. ಎಂಟು ದಿನ ಗಂಟಲಲ್ಲಿ ಇಟ್ಟುಕೊಂಡದ್ದನ್ನೆಲ್ಲ ಹೇಳಿದೆ. ನಾನು ಹಟ ಮಾಡಿದೆ ಸುಂದರ, ನಿನ್ನ ಮಾತು ಕೇಳಬೇಕಿತ್ತು, ಪೊರಕೆಯ ಮಾತು ಆಡಬಾರದಿತ್ತು, ಕ್ಷಮಿಸು ಮಗಾ ಎಂದು ಅತ್ತೆ.

ಅವನು ಕೊನೆವರೆಗೂ ಕೇಳಿದ. ಮತ್ತೆ, "ಅಜ್ಜಾ, ನಾನು ಸುಂದರ ಅಲ್ಲ" ಎಂದ.

ಬೇರೆ ಯಾರದೋ ಸ್ವರ.

ಯಾರೋ ಬಂದು ನನ್ನ ಕೈ ಹಿಡಿದರು. "ಈಚೆಗೆ ಬನ್ನಿ ಪೊರ್ಬುಗಳೇ" ಎಂದು ಮಕ್ಕಳನ್ನು ನಡೆಸಿದ ಹಾಗೆ ನಡೆಸಿಕೊಂಡು ಹೋದರು. ಸುಂದರನ ಹೆಂಡತಿ ಕುಶಲಾ. ಅವನ ಮಂಚ ಆಚೆ ಬದಿಯಲ್ಲಿತ್ತು. ಅವರಿಬ್ಬರೂ ಎಲ್ಲವನ್ನೂ ನೋಡಿರಬೇಕು, ಕೇಳಿರಬೇಕು.

"ಎಡಗಡೆ ಸ್ಟೂಲ್ ಉಂಟು, ಕೂತುಕೊಳ್ಳಿ" ಎಂದ ಸುಂದರ. ಸ್ವರ ಗಾಳಿಯ ಹಾಗಿತ್ತು. "ಕೆಳಗಿನ ಮಾಳಿಗೆಯಲ್ಲಿ ಕಣ್ಣಿನ ಡಾಕ್ಟರು ಇದ್ದಾರಂತೆ. ತೋರಿಸಿ ಪೊರ್ಬುಗಳೇ."

ತೋರಿಸುತ್ತೇನೆ ಎಂದೆ. ಆ ಮಾತುಗಳನ್ನು ಎರಡನೆಯ ಸಲ ಹೇಳಲು ನನ್ನಿಂದ ಆಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಎದ್ದೆ.

ಫೆಬ್ರವರಿ 21

ಸುಂದರ ಬೆಳಿಗ್ಗೆ ತೀರಿಕೊಂಡ.

ಫೆಬ್ರವರಿ 26

ಪ್ಯಾಟ್ರಿಕ್‌ಬಾಬ್ ಹತ್ತಿರ ಹೋದೆ. ವಿಚಾರಣೆಗೆ ಬಂದಿದ್ದ ಅಧಿಕಾರಿಗೆ ಸುಂದರ ಮಂಚದಲ್ಲೇ ಹೇಳಿಕೆ ಕೊಟ್ಟಿದ್ದನಂತೆ, ಗೋಡೆ ಹಳತಾಗಿತ್ತು, ಗಮನಿಸದೆ ಕರೆಂಟ್ ಏರಿಸಿದ್ದು ತಾನೇ ಎಂದು. ಅದು ಸುಳ್ಳು, ಏರಿಸು ಎಂದದ್ದು ನಾನು, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಎಂದೆ.

"ಎಲ್ಲರಿಗೂ ಗೊತ್ತುಂಟು ಬೆಂಜಮಿನ್" ಎಂದರು ಅವರು. "ನಿಮ್ಮ ಕಣ್ಣಿನ ವಿಷಯ ಸಹ ಗೊತ್ತಿತ್ತು. ನಿಮಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಸುಂದರ ನೋಡಿಕೊಳ್ಳುತ್ತಾನೆ ಎಂದು ಬಿಟ್ಟೆ. ಮನೆಗೆ ಹೋಗಿ."

ಸುಗಂಧಿ ಕೆಲಸ ಬಿಡುತ್ತಾಳಂತೆ. ಗೇಟಿನವರೆಗೆ ನನ್ನ ಜೊತೆ ಬಂದಳು. "ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಸರ್" ಎಂದು ಅತ್ತಳು. ಹೇಳಬೇಕಾದದ್ದನ್ನೆಲ್ಲ ಅವಳು ಹೇಳಿದ್ದಳು.

ಮಾರ್ಚ್ 5

ಡಾಕ್ಟರು ಲೈಟು ಬಿಟ್ಟು ನೋಡಿದರು. ಎರಡು ಕಣ್ಣಿಗೂ ಪೊರೆ ಬಂದು ಬಲಿತಿದೆ. ಬೆಂಕಿಯ ಎದುರು ಕೆಲಸ ಮಾಡುವವರಿಗೆ ಬರುವುದುಂಟಂತೆ.

"ಪೊರೆ ಹಳದಿಗಟ್ಟಿದೆ. ನಿಮಗೆ ಬಿಳಿ ಸಹ ಹಳದಿಯಾಗಿಯೇ ಕಾಣುತ್ತಿರಬೇಕಲ್ಲ?"

"ಯಾವಾಗಿನಿಂದ ಇರಬಹುದು?"

"ಎರಡು ಮೂರು ವರ್ಷವಾದರೂ ಆಗಿರಬೇಕು. ಹೆದರಬೇಡಿ. ಆಪರೇಷನ್ ಮಾಡಿದರೆ ಸರಿಯಾಗುತ್ತದೆ. ದೊಡ್ಡ ವಿಷಯ ಅಲ್ಲ."

ದೊಡ್ಡ ವಿಷಯ ಅಲ್ಲ. ಹೊರಗಿನ ಬೆಂಚಿನಲ್ಲಿ ಕುಳಿತು ಬರ್ತಾಳಿಗೆ ಅದನ್ನೇ ಹೇಳಿದೆ. ಬೇಡ, ಆಪರೇಷನ್ ಬೇಡ, ಹೀಗೇ ಇರುತ್ತೇನೆ ಎಂದೆ. ಅವಳು ಎದ್ದು ಒಳಗೆ ಹೋಗಿ ದಿನ ಗೊತ್ತುಮಾಡಿಕೊಂಡು ಬಂದಳು.

ಮೇ 3

ಕಣ್ಣು ಕಟ್ಟಿದ್ದಾಗ ಬರೆಯಲಿಲ್ಲ. ಕಟ್ಟು ಬಿಚ್ಚಿದ ಮೇಲೂ ಬರೆಯಲು ಏನೂ ಇರಲಿಲ್ಲ. ಹೋದ ವಾರ ಕನ್ನಡಕ ಬಂತು, ಸೋಡಾ ಬಾಟಲಿಯ ತಳದಷ್ಟು ದಪ್ಪ. ಹಾಕಿಕೊಂಡಾಗ ಗೋಡೆಯ ಸುಣ್ಣ ಕಣ್ಣಿಗೆ ಚುಚ್ಚಿತು. ಬರ್ತಾಳ ತಲೆ ಪೂರ್ತಿ ನೆರೆತಿದೆ. ನನಗೆ ಗೊತ್ತಿರಲಿಲ್ಲ.

ಇವತ್ತು ಪೂಜೆ ಮುಗಿಸಿ ಕಾಪುವಿಗೆ ಹೋದೆ. ಬಸ್ಸಿನ ಬೋರ್ಡು ನಾನೇ ಓದಿದೆ. ಸಂತೋಷವಾಗಲಿಲ್ಲ. ಸುಂದರನ ಮನೆ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ, ಹಂಚಿನ ಸಣ್ಣ ಮನೆ. ಕುಶಲಾ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮದುವೆಗೂ ಬಂದಿದ್ದೆ, ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ನಡೆದಿದ್ದೆ, ಆದರೆ ಅವಳ ಮುಖವನ್ನು ಇವತ್ತೇ ನೋಡಿದ್ದು. ತೀರ ಚಿಕ್ಕ ಹುಡುಗಿ. ಎದ್ದು ಚಾಪೆ ಹಾಸಿ ಬೆಲ್ಲ ನೀರು ತಂದಿಟ್ಟಳು.

ಬೇರೆ ಮಂಚದ ಎದುರು ಹೇಳಿದ್ದನ್ನು ಇಲ್ಲಿಯಾದರೂ ಸರಿಯಾಗಿ ಹೇಳಬೇಕೆಂದು ಹೋಗಿದ್ದೆ. ಬಾಯಿ ತೆರೆಯುವ ಮೊದಲು ಗೋಡೆಯ ಮೇಲಿನ ಫೋಟೋ ಕಂಡಿತು. ಹೂ ಹಾಕಿದ್ದರು. ಯಾರೋ ನೆಂಟರದು ಎಂದುಕೊಂಡೆ. ದಪ್ಪ ಮೀಸೆಯ ಗಂಡಸು, ಕೆನ್ನೆ ತುಂಬಿಕೊಂಡಿದೆ. ಹತ್ತಿರ ಹೋಗಿ ನೋಡಿದರೆ ಸುಂದರ.

ನನ್ನ ತಲೆಯಲ್ಲಿದ್ದವನು ನುಣ್ಣನೆ ಮುಖದ ಹುಡುಗ. ದಿನಾ ಅವನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ.

"ಮೀಸೆ ಯಾವಾಗ ಬಿಟ್ಟದ್ದು?" ಎಂದು ಕೇಳಿದೆ.

"ಮದುವೆ ಆದ ವರ್ಷ" ಎಂದಳು ಕುಶಲಾ. ಅವಳೂ ಫೋಟೋ ನೋಡುತ್ತಿದ್ದಳು. "ಫೌಂಡ್ರಿಯಲ್ಲಿ ಎಲ್ಲರೂ ತಮಾಷೆ ಮಾಡಿದರಂತೆ. ಪೊರ್ಬುಗಳು ಮಾತ್ರ ಎಂತದೂ ಹೇಳಲಿಲ್ಲ, ಸಿಟ್ಟು ಬಂದಿರಬೇಕು ಅಂತ ಇವರು ಸುಮಾರು ದಿನ ಬೇಸರದಲ್ಲಿದ್ದರು. ಮತ್ತೆ ಒಂದು ದಿನ ಸಂಜೆ ಬಂದವರು ಊಟ ಮಾಡಲಿಲ್ಲ. ಎಂತ ಆಯಿತು ಅಂತ ಕೇಳಿದೆ. 'ಕುಶಲಾ, ಪೊರ್ಬುಗಳಿಗೆ ನನ್ನ ಮುಖ ಕಾಣುವುದಿಲ್ಲ' ಅಂದರು."